ಕೈಬಿಟ್ಟ ಚಿತ್ರದೊಳಗೇ ಇದೆ ನಿಮ್ಮ ವಿಸಿಟಿಂಗ್ ಕಾರ್ಡ್

ಪ್ರಶ್ನೆ: ನಾನು ಜಲವರ್ಣ ಮತ್ತು ಅಕ್ರಿಲಿಕ್‌ನಲ್ಲಿ ಚಿತ್ರ ಬರೆಯುತ್ತೇನೆ. ಮುಂದಿನ ತಿಂಗಳು ಮೊದಲ ಸಲ ಒಂದು ಗುಂಪು ಪ್ರದರ್ಶನದಲ್ಲಿ ನನ್ನ ಕೃತಿಗಳಿರುತ್ತವೆ. ಕೊಡಲು ವಿಸಿಟಿಂಗ್ ಕಾರ್ಡ್ ಬೇಕು. ವಿಚಾರಿಸಿದ ಪ್ರೆಸ್‌ನಲ್ಲಿ 500ಕ್ಕಿಂತ ಕಡಿಮೆ ಮಾಡುವುದಿಲ್ಲವಂತೆ, ಅದೂ ಲ್ಯಾಮಿನೇಷನ್ ಮಾಡಿದ ಹೊಳೆಯುವ ಕಾರ್ಡ್. ಪರಿಸರಕ್ಕೆ ಹೊರೆಯಾಗದ ಹಾಗೆ ನಾನೇ ಮಾಡಿಕೊಳ್ಳಬಹುದೇ? ಆದರೆ ಶಾಲಾ ಮಕ್ಕಳ ಕರಕುಶಲದ ಹಾಗೆ ಕಾಣಬಾರದು.

ಉತ್ತರ: ಖಂಡಿತ ಮಾಡಬಹುದು. ಹೊಸ ಕಾಗದ ಕೊಳ್ಳಲು ಹೊರಡುವ ಮುಂಚೆ, ಸರಿಬರಲಿಲ್ಲ ಎಂದು ನೀವು ಪಕ್ಕಕ್ಕಿಟ್ಟ ಜಲವರ್ಣ ಚಿತ್ರಗಳ ಕಟ್ಟು ಬಿಚ್ಚಿ. ಜಲವರ್ಣಕ್ಕೆ ಸಾಮಾನ್ಯವಾಗಿ ಬಳಸುವ 300 ಜಿಎಸ್‌ಎಂ (ಒಂದು ಚದರ ಮೀಟರ್‌ಗೆ 300 ಗ್ರಾಂ ತೂಗುವ) ಹಾಳೆ ಕಾರ್ಡಿಗೆ ಬೇಕಾದಷ್ಟೇ ದಪ್ಪ. ಒಂದು ಎ4 ಹಾಳೆಯಲ್ಲಿ 85 ಮಿ.ಮೀ. ಉದ್ದ, 55 ಮಿ.ಮೀ. ಅಗಲದ ಹತ್ತು ಕಾರ್ಡ್ ಸಿಗುತ್ತವೆ.

ಆದರೆ ಕಣ್ಣುಮುಚ್ಚಿ ಹತ್ತು ತುಂಡು ಮಾಡಬೇಡಿ. ರದ್ದಿ ರಟ್ಟೊಂದರಲ್ಲಿ ಅದೇ ಅಳತೆಯ ಕಿಟಕಿ ಕೊರೆದು ಚಿತ್ರದ ಮೇಲೆ ನಿಧಾನವಾಗಿ ಸರಿಸುತ್ತಾ ಹೋಗಿ. ಇಡೀ ಚಿತ್ರ ಸೋತಿದ್ದರೂ ಅದರ ಒಂದು ಮೂಲೆಯಲ್ಲಿ ಎರಡು ಬಣ್ಣ ಒಂದರೊಳಗೊಂದು ಹರಿದು ಸೇರಿದ ಜಾಗ ಇದ್ದೇ ಇರುತ್ತದೆ. ಅದನ್ನು ಆರಿಸಿ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲೇ. ಕಾರ್ಡ್ ತೆಗೆದುಕೊಂಡವರ ಕೈಯಲ್ಲಿ ನಿಮ್ಮ ಚಿತ್ರದ ನಕಲಲ್ಲ, ನಿಮ್ಮ ಕುಂಚ ಓಡಾಡಿದ ಹಾಳೆಯೇ ಇರುತ್ತದೆ. ಅಂಥದ್ದನ್ನು ಕಸದ ಬುಟ್ಟಿಗೆ ಎಸೆಯಲು ಯಾರಿಗೂ ಸುಲಭಕ್ಕೆ ಮನಸ್ಸಾಗುವುದಿಲ್ಲ.

ಅಕ್ರಿಲಿಕ್ ಚಿತ್ರಗಳನ್ನು ಇದಕ್ಕೆ ಬಳಸಬೇಡಿ. ಆ ಬಣ್ಣವನ್ನು ಹಿಡಿದಿಡುವ ಅಂಟೇ ಒಂದು ಬಗೆಯ ಪ್ಲಾಸ್ಟಿಕ್. ಲ್ಯಾಮಿನೇಷನ್ ಬೇಡವೆಂದು ಹೊರಟವರು ಬಣ್ಣದ ರೂಪದಲ್ಲಿ ಅದನ್ನೇ ಬಳಿದಂತಾಗುತ್ತದೆ. ಜೊತೆಗೆ ಅಂಥ ಕಾರ್ಡ್‌ಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರೆ ಸೆಕೆಗೆ ಪರಸ್ಪರ ಅಂಟಿಕೊಳ್ಳುತ್ತವೆ. ಗ್ಲಿಟರ್ ಕೂಡ ಬೇಡ, ಅದರಲ್ಲಿ ಬಹುಪಾಲು ಪ್ಲಾಸ್ಟಿಕ್ಕೇ. ಇನ್ನೊಂದು ಮಾತು: ಕೆಲವು ಜಲವರ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹದ ಅಂಶ ಇರುತ್ತದೆ. ಹಾಗಾಗಿ ‘ಮಣ್ಣಿಗೆ ಹಾಕಿದರೆ ಗೊಬ್ಬರವಾಗುತ್ತದೆ’ ಎಂದು ಕಾರ್ಡಿನ ಮೇಲೆ ಬರೆಯಬೇಡಿ. ‘ಹಳೆಯ ಚಿತ್ರದ ಹಾಳೆಯಿಂದ ಮಾಡಿದ್ದು’ ಎಂದರೆ ಸಾಕು, ಅದು ನಿಜ.

ಅಕ್ಷರಗಳು ಖಾಲಿ ಇರುವ ಹಿಂಬದಿಗೆ. ಹೆಸರು, ಫೋನ್, ಇಮೇಲ್ ಇರುವ ಒಂದು ರಬ್ಬರ್ ಸ್ಟಾಂಪ್ ಮಾಡಿಸಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ಅಕ್ಷರ 8 ಪಾಯಿಂಟ್‌ಗಿಂತ ಚಿಕ್ಕದಿರಬಾರದು. ಜಲವರ್ಣದ ಹಾಳೆ ತರಿತರಿಯಾಗಿರುವುದರಿಂದ ಸ್ಟಾಂಪಿನ ಗೆರೆ ಅಲ್ಲಲ್ಲಿ ಒಡೆಯುತ್ತದೆ. ಸ್ಟಾಂಪ್ ಬೀಳುವ ಜಾಗದ ಮೇಲೆ ತೆಳು ಕಾಗದ ಇಟ್ಟು ಚಮಚದ ಬೆನ್ನಿನಿಂದ ಗಟ್ಟಿಯಾಗಿ ಉಜ್ಜಿದರೆ ಹಾಳೆ ಆ ಭಾಗದಲ್ಲಿ ನಯವಾಗುತ್ತದೆ. ಒತ್ತುವಾಗ ಕೆಳಗೆ ನಾಲ್ಕು ಪದರ ಹಳೆ ಪತ್ರಿಕೆ ಇರಲಿ. ನೀರಿಗೆ ಹರಡದ ಪಿಗ್ಮೆಂಟ್ ಶಾಯಿಯನ್ನೇ ಕೇಳಿ ತನ್ನಿ. ಒಂದು ದಿನ ಒಣಗಿಸಿ, ಒದ್ದೆ ಬೆರಳಿನಿಂದ ಒರೆಸಿ ನೋಡಿ. ಮಸಿ ಹರಡಿದರೆ ಬೇರೆ ಶಾಯಿ ಹುಡುಕಿ. ನಿಮ್ಮದೇ ಒಂದು ಗುರುತು ಬೇಕೆನಿಸಿದರೆ ಅಚ್ಚು ಕೊರೆಯಲು ಬಳಸುವ ಲಿನೋ (ಲಿನೋಲಿಯಂ) ಹಾಳೆಯಲ್ಲಿ ಕೊರೆದುಕೊಳ್ಳಿ. ನಿಜವಾದ ಲಿನೋಲಿಯಂ ಅಗಸೆ ಎಣ್ಣೆ ಮತ್ತು ಕಾರ್ಕ್ ಪುಡಿಯಿಂದ ಆಗುವಂಥದ್ದು. ವಿನೈಲ್ ಹಾಳೆಯೂ ಅದೇ ಹೆಸರಿನಲ್ಲಿ ಸಿಗುತ್ತದೆ, ನೋಡಿ ಕೊಳ್ಳಿ. ಕೊರೆಯುವಾಗ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರಬೇಕೆಂಬುದು ನೆನಪಿರಲಿ. ಕ್ಯೂಆರ್ ಕೋಡ್ ಮಾತ್ರ ಈ ಹಾಳೆಯ ಮೇಲೆ ಸ್ಟಾಂಪ್ ಮಾಡಬೇಡಿ. ಚೌಕಗಳು ಒಡೆದು ಫೋನಿಗೆ ಓದಲಾಗದೆ ಹೋಗಬಹುದು.

ಮಕ್ಕಳ ಕರಕುಶಲದಂತೆ ಕಾಣುವುದು ಅಂಚಿನಿಂದ. ಹೊಸ ಬ್ಲೇಡ್, ಸ್ಟೀಲ್ ಸ್ಕೇಲ್ ಬಳಸಿ, ಒಂದೇ ಸಲ ಒತ್ತಿ ಎಳೆಯದೆ ಹಗುರವಾಗಿ ಮೂರು ಸಲ ಎಳೆಯಿರಿ. ಹರಿದ ಅಂಚಿನ ಚೆಂದ ಬೇಕಿದ್ದರೆ ಒಂದು ಬದಿಗೆ ಮಾತ್ರ ಕುಂಚದಿಂದ ನೀರಿನ ಗೆರೆ ಎಳೆದು, ನೆನೆದ ಮೇಲೆ ಹರಿಯಿರಿ. ದಾರ, ಒಣಹೂ, ಮಣಿ ಯಾವುದೂ ಬೇಡ.

ನಲವತ್ತು ಕಾರ್ಡ್ ಮಾಡಿಕೊಳ್ಳಿ. ಯಾರು ಬೇಕಾದರೂ ಎತ್ತಿಕೊಳ್ಳುವಂತೆ ಮೇಜಿನ ಮೇಲೆ ರಾಶಿ ಹಾಕಬೇಡಿ. ನಿಂತು ಮಾತಾಡಿಸಿದವರಿಗೆ ಕೈಯಾರೆ ಕೊಡಿ. ಸ್ಟಾಂಪಿನ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿರಿ. ಅವರು ಯಾವ ಚಿತ್ರದ ಮುಂದೆ ನಿಂತಿದ್ದರೋ ಅದರ ಹೆಸರನ್ನು ಅಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಡಿ. ಆರು ತಿಂಗಳ ನಂತರ ಕಾರ್ಡ್ ಕೈಗೆ ಸಿಕ್ಕಾಗ ನಿಮ್ಮನ್ನು ನೆನಪಿಸುವುದು ಆ ಸಾಲು.

ಪ್ರಶ್ನೆ: ಬೀಜ ಸೇರಿಸಿದ ಕಾಗದದ ಕಾರ್ಡ್ ಹೇಗೆ? ಬಿತ್ತಿದರೆ ಮೊಳೆಯುತ್ತದಂತೆ.

ಉತ್ತರ: ಮೊಳೆಯುತ್ತದೆ, ಬೀಜ ಬದುಕಿದ್ದರೆ. ಲೇಸರ್ ಪ್ರಿಂಟರ್‌ನ ಬಿಸಿಗೂ ಒತ್ತಡಕ್ಕೂ ಬೀಜ ಹಾಳಾಗಬಹುದು. ಪರ್ಸಿನಲ್ಲಿ ವರ್ಷ ಕಳೆದ ಕಾರ್ಡಿನ ಮೇಲೆ ಭರವಸೆ ಇಡುವುದೂ ಕಷ್ಟ. ಬೀಜ ಎಲ್ಲಿ ಉಬ್ಬಿರುತ್ತದೋ ಅಲ್ಲಿ ಅಕ್ಷರ ಮೂಡುವುದಿಲ್ಲ. ಯಾವ ಗಿಡದ ಬೀಜ ಎಂದು ಮಾರುವವರು ಹೇಳದಿದ್ದರೆ ಕೊಳ್ಳಲೇಬೇಡಿ. ಆ ನೆಲದ್ದಲ್ಲದ ಗಿಡ ಕಳೆಯಾಗಿ ಹಬ್ಬಬಹುದು. ಅನೇಕ ದೇಶಗಳು ಅನುಮತಿಯಿಲ್ಲದೆ ಬೀಜ ತರಲು ಬಿಡುವುದೂ ಇಲ್ಲ. ಮಾಡಲೇಬೇಕೆಂದರೆ ಸ್ಥಳೀಯ ಗಿಡದ ಸಣ್ಣ ಬೀಜ ಆರಿಸಿ, ಕೈಬರಹದಲ್ಲೇ ವಿವರ ಬರೆದು, ಯಾವ ತಿಂಗಳೊಳಗೆ ಬಿತ್ತಬೇಕು ಎಂಬುದನ್ನೂ ನಮೂದಿಸಿ.