ಸಂಪಾದಕರ ಉತ್ತರ: ಹಿಂದಿನ ಗಲ್ಲೀಲಿ ಜೈಲಿತ್ತಲ್ಲ, ನೋಡ್ಲಿಲ್ವಾ ಮೇಷ್ಟ್ರೇ?

(ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟ ಬರ್ದಿದಾರೆ. ಮಗನ ಮನೇಗೆ ಅಂತ ಜರ್ಮನಿಗೆ ಹೋದವ್ರು ಹೈಡಲ್‌ಬರ್ಗ್ ಯೂನಿವರ್ಸಿಟಿ ನೋಡ್ಕೊಂಡು ಬಂದಿದಾರೆ. ‘ನೂರೈವತ್ತು ವರ್ಷದ ಹಿಂದೆ ಅಲ್ಲಿ ಹುಡುಗ್ರು ತಪಸ್ಸಿಗೆ ಕೂತ ಹಾಗೆ ಓದ್ತಿದ್ರು, ನಮ್ಮವ್ರು ಕ್ಯಾಂಟೀನ್ ಗಾಜು ಒಡೀತಾರೆ, ನೀವು ಅವ್ರ ಪರವಾಗಿ ಬರೀತೀರಿ’ ಅನ್ನೋದು ಪತ್ರದ ಸಾರ.)

ಮೇಷ್ಟ್ರೇ, ಗಾಜು ಒಡೆಯೋದು ತಪ್ಪು, ಒಪ್ಪಿದೆ. ಒಡೆದವನ ಹತ್ರಾನೇ ದುಡ್ಡು ವಸೂಲಿ ಮಾಡ್ಲಿ. ಆದ್ರೆ ಆ ‘ತಪಸ್ಸು’ ಅಂದ್ರಲ್ಲ, ಅದೊಂದು ಮಾತಿಗೆ ನಂಗೆ ನಗು ತಡ್ಯಕ್ಕಾಗ್ಲಿಲ್ಲ. ಹಳೇ ಯೂನಿವರ್ಸಿಟಿ ಕಟ್ಟಡದವರೆಗೂ ಹೋದವ್ರು ಅದರ ಹಿಂದೆ ಅಗಸ್ಟೀನರ್‌ಗಾಸೆ ಅನ್ನೋ ಗಲ್ಲಿಗೆ ಹೋಗ್ಲಿಲ್ವಾ? ಅಲ್ಲೊಂದು ಜೈಲಿದೆ, ಕಾರ್ಟ್ಸರ್ ಅಂತಾರೆ, ಬರೀ ಸ್ಟೂಡೆಂಟ್ಸ್‌ಗೆ ಅಂತಾನೇ ಕಟ್ಟಿದ್ದು! ಕುಡಿದು ರಾತ್ರಿ ಬೀದೀಲಿ ಕೂಗಾಡಿದ್ರೆ, ಪೊಲೀಸನ್ನ ಬೈದ್ರೆ, ಕತ್ತಿ ಕಾಳಗ (ಆಗಿನ ಹುಡುಗ್ರಲ್ಲಿ ಮರ್ಯಾದೆಗೆ ಅಂತ ಇಬ್ಬಿಬ್ರು ಕತ್ತಿ ಹಿಡಿದು ಹೊಡೆದಾಡೋದು) ಮಾಡಿ ಸಿಕ್ಕಿಬಿದ್ರೆ ಅಲ್ಲಿಗೆ ಹಾಕ್ತಿದ್ರು. ಒಳಗಿದ್ದವ್ರು ಪಾಠದ ಹೊತ್ತಿಗೆ ಕ್ಲಾಸಿಗೆ ಹೋಗಿ ವಾಪಸ್ ಬರ್ಬಹುದಿತ್ತು, ಉಳಿದ ಟೈಮಲ್ಲಿ ಮೇಣದಬತ್ತಿ ಮಸೀಲಿ ತಮ್ಮ ಮುಖದ ನೆರಳು ಚಿತ್ರ ಗೋಡೇಗೆ ಬಳ್ಕೊಂಡು, ಕೆಳಗೆ ಹೆಸರು, ಇಸವಿ, ತಲೇಗೆ ತಮ್ಮ ವಿದ್ಯಾರ್ಥಿ ಸಂಘದ ಬಣ್ಣದ ಟೋಪಿ. ಗೋಡೆ, ಚಾವಣಿ, ಮೆಟ್ಟಿಲ ಪಕ್ಕ ಎಲ್ಲೂ ಖಾಲಿ ಜಾಗ ಬಿಟ್ಟಿಲ್ಲ. ಒಂದ್ಸಲ ಆದ್ರೂ ಒಳಗೆ ಹೋಗ್ಬರದೇ ಇದ್ರೆ ಮರ್ಯಾದೆ ಕಮ್ಮಿ ಅನ್ನೋ ಹಾಗಿತ್ತು ಕಥೆ. 1914ರವರೆಗೂ ನಡೀತು ಇದು.

ಇದು ಪುಂಡರ ಕಥೆ ಅಂತೀರೇನೋ. ಮುಂದೆ ದೊಡ್ಡ ಸಮಾಜಶಾಸ್ತ್ರಜ್ಞ ಆದ ಮ್ಯಾಕ್ಸ್ ವೆಬರ್ 1882ರಲ್ಲಿ ಅಲ್ಲಿ ಓದೋಕೆ ಸೇರಿ, ಬಿಯರ್ ಕುಡಿದು ದಪ್ಪಗಾಗಿ, ಕೆನ್ನೆ ಮೇಲೆ ಕತ್ತಿ ಗಾಯದ ಗುರುತು ಇಟ್ಕೊಂಡು ಮನೇಗೆ ಬಂದಾಗ ಅವ್ರಮ್ಮ ಅದೇ ಕೆನ್ನೇಗೆ ಒಂದು ಬಿಟ್ರಂತೆ (ಅದೇ ಕೆನ್ನೇಗೆ ಅನ್ನೋದು ನನ್ನ ಸೇರಿಸಿಕೆ, ಕ್ಷಮೆ ಇರ್ಲಿ). ಕಾರ್ಲ್ ಮಾರ್ಕ್ಸ್ 1836ರಲ್ಲಿ ಬಾನ್ ಯೂನಿವರ್ಸಿಟೀಲಿ ಕುಡಿದು ಗಲಾಟೆ ಮಾಡಿದ್ದಕ್ಕೆ ಒಂದು ದಿನ ಇಂಥದ್ದೇ ಜೈಲಲ್ಲಿದ್ದ, ಅವರಪ್ಪ ಕಾಗದ ಬರೆದು, ಫಿಲಾಸಫಿಗೂ ಈ ಕತ್ತಿ ಕಾಳಗಕ್ಕೂ ಏನಪ್ಪಾ ಸಂಬಂಧ ಅಂತ ಕೇಳಿದ್ರು. ಮುಂದೆ ಜರ್ಮನಿಯ ಚಾನ್ಸಲರ್ ಆದ ಬಿಸ್ಮಾರ್ಕ್ ಅಂತೂ ಗಾಟಿಂಗೆನ್ ಯೂನಿವರ್ಸಿಟೀಲಿ ಓದ್ತಿದ್ದಾಗ ಊರೊಳಗೆ ಇರೋ ಹಾಗಿಲ್ಲ ಅನ್ನಿಸ್ಕೊಂಡು ಕೋಟೆ ಗೋಡೆ ಹತ್ರ ಪುಟ್ಟ ಮನೇಲಿ ಬಿಡಾರ ಮಾಡಿದ್ದ. ಇವರಾರನ್ನೂ ಯೂನಿವರ್ಸಿಟಿ ‘ಕೆಟ್ಟು ಹೋದ್ರು’ ಅಂತ ಕೈಬಿಡ್ಲಿಲ್ಲ. ಸಿಕ್ಕಿಬಿದ್ದವ್ರನ್ನ ಊರ ಪೊಲೀಸರ ಕೈಗೆ ಕೊಡದೆ ತಾನೇ ವಿಚಾರಣೆ ಮಾಡಿ ತಾನೇ ಕೂಡಿಹಾಕ್ತು, ಮಾರನೇ ದಿನ ಕ್ಲಾಸಿಗೆ ಬಾ ಅಂತು.

ನಿಜವಾದ ತಪಸ್ಸು ಬೇಕಾ, ಅದೂ ಅದೇ ಹೈಡಲ್‌ಬರ್ಗಲ್ಲಿತ್ತು ಮೇಷ್ಟ್ರೇ, ಆದ್ರೆ ಬಾಗಿಲಾಚೆ. 1869ರಲ್ಲಿ ಹತ್ತೊಂಬತ್ತು ವರ್ಷದ ರಷ್ಯನ್ ಹುಡುಗಿ ಸೋಫಿಯಾ ಕೊವಲೆವ್‌ಸ್ಕಯಾ ಗಣಿತ ಓದ್ಬೇಕು ಅಂತ ಬಂದ್ಲು. ಹೆಣ್ಣು ಅಂತ ಅಡ್ಮಿಶನ್ ಇಲ್ಲ, ಒಬ್ಬೊಬ್ಬ ಪ್ರೊಫೆಸರ್ ಹತ್ರಾನೂ ಹೋಗಿ ಬೇಡ್ಕೊಂಡು ಪರ್ಮಿಶನ್ ತಗೋಬೇಕು. ನಿಮ್ಮ ಪಿಯೂಸಿ ಲ್ಯಾಬಲ್ಲಿ ಬನ್ಸನ್ ಬರ್ನರ್ ಇತ್ತಲ್ಲ, ಆ ಬನ್ಸನ್ ಸಾಹೇಬರು ತಮ್ಮ ಲ್ಯಾಬಿಗೆ ಹೆಂಗಸ್ರನ್ನ ಬಿಡಲ್ಲ ಅಂತ ಹಟ ಹಿಡಿದಿದ್ರಂತೆ, ಈಕೆ ಹೋಗಿ ಮಾತಾಡಿ ಗೆಳತಿ ಯೂಲಿಯಾ ಲೆರ್ಮೊಂತೊವಾಗೆ ಜಾಗ ಕೊಡಿಸಿದ್ಲು. ಆಮೇಲೆ ಸೋಫಿಯಾ ಬರ್ಲಿನ್‌ಗೆ ಹೋದ್ಲು, ಅಲ್ಲಿ ಕ್ಲಾಸಿಗೇ ಬಿಡ್ಲಿಲ್ಲ, ವೈಯರ್‌ಸ್ಟ್ರಾಸ್ ಅನ್ನೋ ದೊಡ್ಡ ಗಣಿತಜ್ಞ ನಾಲ್ಕು ವರ್ಷ ಪ್ರತ್ಯೇಕವಾಗಿ ಹೇಳ್ಕೊಟ್ರು. 1874ರಲ್ಲಿ ಗಾಟಿಂಗೆನ್ ಡಾಕ್ಟರೇಟ್ ಕೊಡ್ತು. ಹೈಡಲ್‌ಬರ್ಗ್ ಹೆಣ್ಮಕ್ಕಳ ಹೆಸರು ರಿಜಿಸ್ಟರಲ್ಲಿ ಬರ್ಕೊಂಡಿದ್ದು 1900ರಲ್ಲಿ. ಕುಡಿದು ಕತ್ತಿ ಬೀಸೋನಿಗೆ ಒಳಗೆ ಜೈಲಾದ್ರೂ ಇತ್ತು, ಓದ್ತೀನಿ ಅಂತ ಬಂದವಳಿಗೆ ಬೆಂಚಿರ್ಲಿಲ್ಲ! ನೀವು ಹೊಗಳ್ತಾ ಇರೋ ಡಿಸಿಪ್ಲಿನ್ ಅಂದ್ರೆ ಇದು.

ನಾನೂ ಹಾಸ್ಟೆಲ್ ಹುಡುಗಾನೇ. ಸಾರು ನೀರಾಗಿತ್ತು ಅಂತ ಒಂದು ರಾತ್ರಿ ಪಾತ್ರೆ ಸಮೇತ ಎತ್ಕೊಂಡು ಮೆರವಣಿಗೇಲಿ ವಾರ್ಡನ್ ಬಾಗಿಲಿಗೆ ಹೋದ್ವಿ, ಪಾತ್ರೆ ಕಾದಿತ್ತು, ಹಿಡಿಗೆ ಲುಂಗಿ ಸುತ್ತಿ ಹಿಡ್ಕೊಂಡಿದ್ದೆ, ಮೆಟ್ಟಿಲಲ್ಲಿ ಚೆಲ್ಲಿ ಕಾಲು ಸುಟ್ಟುಕೊಂಡೆ. ದಂಡ ಹತ್ತು ರೂಪಾಯಿ, ಜೊತೆಗೆ ಅಪ್ಪನ್ನ ಕರ್ಕೊಂಡು ಬಾ. ಅಪ್ಪ ಬಂದು ಒಂದೂ ಮಾತಾಡ್ದೆ ಮೆಸ್ಸಲ್ಲಿ ಕೂತು ಆ ಸಾರಲ್ಲೇ ಊಟ ಮಾಡಿ, ಕೈ ತೊಳೆದು, ವಾರ್ಡನ್ ಕಡೆ ನೋಡಿ ‘ಹುಡುಗ್ರು ಸರಿಯಾಗೇ ಹೇಳಿದಾರೆ ಸಾರ್’ ಅಂದ್ರು. ದಂಡ ಮಾತ್ರ ವಾಪಸ್ ಬರ್ಲಿಲ್ಲ.

ಈಗಿನ ಹುಡುಗ್ರು ಯಾಕೆ ಸ್ಟ್ರೈಕ್ ಮಾಡ್ತಾರೆ ಅಂತ ಗೇಟಿನ ಹತ್ರ ನಿಂತು ಕೇಳಿದೀರಾ? ಮಾರ್ಕ್ಸ್ ಕಾರ್ಡ್ ಬಂದಿಲ್ಲ, ಅತಿಥಿ ಉಪನ್ಯಾಸಕರಿಗೆ ಸಂಬಳ ಬಂದಿಲ್ಲ ಹಾಗಾಗಿ ಪಾಠ ಆಗಿಲ್ಲ, ಲೇಡೀಸ್ ಹಾಸ್ಟೆಲ್‌ನಲ್ಲಿ ನೀರಿಲ್ಲ. ಕತ್ತಿಗಿತ್ತಿ ಏನೂ ಇಲ್ಲ ಕೈಲಿ, ಒಂದು ಬ್ಯಾನರ್, ಅದರಲ್ಲೂ ಎರಡು ಕಾಗುಣಿತ ತಪ್ಪು. ಆ ತಪ್ಪು ನೀವು ತಿದ್ದಿ, ಬೇಡ ಅನ್ನಲ್ಲ, ಮೂವತ್ತು ವರ್ಷ ಕನ್ನಡ ಹೇಳ್ಕೊಟ್ಟ ಕೈ ಅದು, ನಿಮ್ಮ ಪತ್ರದಲ್ಲಿ ಒಂದು ಅಕ್ಷರ ತಪ್ಪಿಲ್ಲ. ಮುಂದಿನ ವರ್ಷ ಮತ್ತೆ ಹೋಗ್ತೀನಿ ಅಂತ ಬರ್ದಿದೀರಲ್ಲ, ಮಗನ್ನ ಕರ್ಕೊಂಡು ಆ ಗಲ್ಲೀಗೆ ಹೋಗಿ ಮೆಟ್ಟಿಲ ಪಕ್ಕದ ಗೋಡೆ ಫೋಟೋ ತೆಗೆದು ಕಳಿಸಿ, ಪತ್ರಿಕೇಲಿ ಹಾಕ್ತೀವಿ.

— ಸಂ.