ಪಾಲಿಪ್ಸ್ ಆಪರೇಶನ್ ಆಗಿದೆ, ಮೂಗು ಕ್ಲಿಯರ್ ಇದೆ, ಸ್ಟೀರಾಯ್ಡ್ ಸ್ಪ್ರೇ ಯಾವಾಗ ನಿಲ್ಲಿಸ್ಬೋದು?

ಉಸಿರಾಟ ಸರಾಗ ಆಗಿದೆ, ಇನ್ನೂ ಸ್ಪ್ರೇ ಯಾಕೆ, ಅಭ್ಯಾಸ ಆಗ್ಬಿಟ್ರೆ ಏನ್ಮಾಡೋದು ಅಂತ ಕೇಳಿದೀರಲ್ಲ, ಇದೇ ಪ್ರಶ್ನೆ ನಂಗೂ ಬಂದಿತ್ತು. ನಾನು ಡಾಕ್ಟ್ರನ್ನ ಕೇಳದೇನೇ ನನ್ನಷ್ಟಕ್ಕೆ ನಾನೇ ನಿಲ್ಸಿದೆ, ಅದೇ ಮೂಗಿಗೆ ಎರಡನೇ ಸಲ ಆಪರೇಶನ್ ಆಯ್ತು.

ನಾನಿರೋದು ಡೊಂಬಿವಲಿಲಿ. ವರ್ಷಗಟ್ಟಲೆ ಬೆಳಗ್ಗೆ ಎದ್ದ ಕೂಡ್ಲೇ ಸಾಲು ಸಾಲು ಸೀನು, ಆಮೇಲೆ ಮೂಗು ಕಟ್ಟೋದು, ಕೊನೆಗೆ ವಾಸನೆಯೇ ಇಲ್ಲ. ಒಲೆ ಮೇಲೆ ಹಾಲು ಸೀದು ತಳ ಕರ್ರಗಾಗಿದ್ರೂ ಪಕ್ಕದಲ್ಲೇ ನಿಂತಿದ್ದ ನಂಗೆ ಗೊತ್ತಾಗ್ತಿರ್ಲಿಲ್ಲ. ಇಎನ್‌ಟಿ ಡಾಕ್ಟ್ರು ಎಂಡೋಸ್ಕೋಪಿ ಮಾಡಿ ಸ್ಕ್ರೀನಲ್ಲಿ ತೋರ್ಸಿದ್ರು, ಈ ಪಾಲಿಪ್ಸ್, ನಮ್ಮೂರಲ್ಲಿ ದುರ್ಮಾಂಸ ಅಂತಾರಲ್ಲ ಅದು, ಸಿಪ್ಪೆ ಸುಲಿದ ದ್ರಾಕ್ಷಿ ಥರ ಬಿಳಿಚ್ಕೊಂಡು ಹೊಳೀತಾ ಎರಡೂ ಕಡೆ ತುಂಬ್ಕೊಂಡಿತ್ತು. ಸಿಟಿ ಸ್ಕ್ಯಾನ್ ಆಯ್ತು, ಮೂಗಿನ ಒಳಗಿಂದಲೇ ಕ್ಯಾಮರಾ ಹಾಕಿ ಮಾಡೋ ಫೆಸ್ ಅನ್ನೋ ಆಪರೇಶನ್ ಆಯ್ತು, ಹಕ್ಕಳೆ ಕ್ಲೀನ್ ಮಾಡಿಸ್ಕೊಳ್ಳೋಕೆ ಓಡಾಡಿದ್ದೂ ಆಯ್ತು. ಮಾಟುಂಗಾ ಸ್ಟೇಷನ್ ಹೊರಗೆ ಹೂವಿನಂಗಡಿ ಇದಾವಲ್ಲ, ಅಲ್ಲಿ ನಡ್ಕೊಂಡು ಹೋಗ್ತಾ ಮಲ್ಲಿಗೆ ವಾಸನೆ ಬಂದಾಗ ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು.

ಎಡವಟ್ಟಾಗಿದ್ದು ಅಲ್ಲೇ. ವಾಸನೆ ಬಂತು, ಮೂಗು ಬಿಟ್ಟಿದೆ ಅಂದ್ರೆ ರೋಗ ಹೋಯ್ತು ಅಂದ್ಕೊಂಡೆ. ಬಿಲ್ಡಿಂಗಲ್ಲಿ ಒಬ್ರು ಆಂಟಿ "ಅದು ಸ್ಟೀರಾಯ್ಡ್ ಅಲ್ವೇನೋ, ಒಳಗೆಲ್ಲ ಹಾಳು ಮಾಡತ್ತೆ" ಅಂದ್ರು. ಬಾಟ್ಲಿ ಖಾಲಿ ಆದಾಗ ಹೊಸದು ತರ್ಲಿಲ್ಲ ಅಷ್ಟೇ. ನಿಲ್ಸಿದ ಮಾರನೇ ದಿನ ಏನೂ ಆಗಲ್ಲ, ಮುಂದಿನ ವಾರಾನೂ ಏನೂ ಆಗಲ್ಲ, ಮೋಸ ಹೋಗೋದೇ ಅದಕ್ಕೆ, ಹಿಂಗಾಗಿ ನಿಲ್ಸಿದ್ದು ಸರಿ ಅಂತಾನೇ ಅನ್ನಿಸ್ತಾ ಹೋಗುತ್ತೆ. ಆಮೇಲೆ ಮಳೆ ಶುರುವಾಯ್ತು. ಮುಂಬೈ ಮಳೆಗಾಲ ಗೊತ್ತಲ್ಲ, ಗೋಡೆ ಒದ್ದೆ, ಬೀರುವಿನ ಹಿಂದೆ ಕಪ್ಪು ಬೂಷ್ಟು, ಹಾಸಿಗೆ ಒಣಗೋದೇ ಇಲ್ಲ. ಮೊದ್ಲು ವಾಸನೆ ಮಂಕಾಯ್ತು, ಶೀತ ಇರ್ಬೇಕು ಅಂದ್ಕೊಂಡೆ. ಮೂಗು ಕಟ್ಟೋಕೆ ಶುರುವಾಗೋ ಹೊತ್ತಿಗೆ ಒಳಗೆ ಮತ್ತೆ ಬೆಳೆದು ಕೂತಿತ್ತು. ಮೂಗು ಕಟ್ಟೋ ತನಕ ಕಾಯ್ಬೇಡಿ ಮಾರಾಯ್ರೇ, ವಾಸನೆ ಕಮ್ಮಿ ಆಯ್ತು ಅಂದ್ರೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ.

ನಿಮ್ಮ ಪ್ರಶ್ನೆನೇ ಉಲ್ಟಾ ಇದೆ ಅಂತ ನಂಗನ್ಸುತ್ತೆ. ಆಪರೇಶನ್ ಆಯ್ತು, ಸ್ಪ್ರೇ ಅದರ ಬಾಲ ಅಂತ ನೀವು ತಿಳ್ಕೊಂಡಿದೀರಿ. ಆದ್ರೆ ಆಪರೇಶನ್ ತೆಗೆಯೋದು ಬೆಳೆದಿದ್ದನ್ನ, ಬೆಳೆಯೋ ಗುಣವನ್ನಲ್ಲ. ಅಲರ್ಜಿ, ಒಳಚರ್ಮದ ಊತ ಎಲ್ಲಾ ಹಂಗೇ ಇರುತ್ತೆ. ಮೊದ್ಲು ದುರ್ಮಾಂಸ ಅಡ್ಡ ಇದ್ದಿದ್ರಿಂದ ಔಷಧಿ ಸೈನಸ್ ತನಕ, ಅಂದ್ರೆ ಮೂಗಿನ ಸುತ್ತ ಮೂಳೆಯೊಳಗಿರೋ ಟೊಳ್ಳು ಜಾಗದ ತನಕ, ಸರಿಯಾಗಿ ಹೋಗ್ತಾನೇ ಇರ್ಲಿಲ್ಲ, ಈಗ ಬಾಗ್ಲು ತೆಗೆದಿದಾರೆ, ಆ ಬಾಗ್ಲು ತೆಗೆಸಿದ್ದೇ ಔಷಧಿ ಒಳಗೆ ಹೋಗ್ಲಿ ಅಂತ. ನೀವು ಪುಣೆಯವರು ಅಂತ ಬರ್ದಿದೀರಿ, ಕಾಂಗ್ರೆಸ್ ಗಿಡ 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಕಣ್ಣಿಗೆ ಬಿದ್ದಿದ್ದೇ ನಿಮ್ಮೂರಲ್ಲಿ, ಅದರ ಪರಾಗ ಎಷ್ಟೋ ಜನಕ್ಕೆ ಆಗಲ್ಲ. ನಿಮ್ಗೆ ಅದೇ ಅಲರ್ಜಿ ಇದ್ರೆ ಆಪರೇಶನ್ ಆಯ್ತು ಅಂತ ಆ ಗಿಡ ಹೂ ಬಿಡೋದು ನಿಲ್ಸಲ್ಲ.

ಅಭ್ಯಾಸದ ಭಯ ಬಂದಿರೋದು ಬೇರೆ ಔಷಧಿಯಿಂದ. ಮೆಡಿಕಲ್ ಶಾಪಲ್ಲಿ ಕೇಳಿದ ತಕ್ಷಣ ಕೊಡೋ ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಡ್ರಾಪ್ಸ್ ಇದಾವಲ್ಲ, ಹಾಕಿದ ಐದು ನಿಮಿಷಕ್ಕೆ ಮೂಗು ಬಿಡುತ್ತೆ, ಅದನ್ನ ಮೂರ್ನಾಲ್ಕು ದಿನಕ್ಕಿಂತ ಜಾಸ್ತಿ ಎಳೆದ್ರೆ ಬಿಟ್ಟ ಕೂಡ್ಲೇ ಮೂಗು ಇನ್ನೂ ಜೋರಾಗಿ ಕಟ್ಟುತ್ತೆ. ಸ್ಟೀರಾಯ್ಡ್ ಸ್ಪ್ರೇ ಹಂಗಲ್ಲ. ಅದು ನಿಧಾನ, ಪೂರ್ತಿ ಗುಣ ಕಾಣೋಕೆ ವಾರಗಳೇ ಬೇಕು, ಆದ್ರೆ ಚಟ ಹತ್ತಲ್ಲ. ಈ ಸ್ಪ್ರೇಗಳಲ್ಲಿರೋ ಮೊಮೆಟಾಸೋನ್, ಫ್ಲುಟಿಕಾಸೋನ್ ರಕ್ತಕ್ಕೆ ಸೇರೋದು ನೂರಕ್ಕೆ ಎರಡರಷ್ಟೂ ಇಲ್ಲ. ಸ್ಪ್ರೇಗೆ ಹೆದರಿ ಬಿಟ್ಟವ್ರು ಕೊನೆಗೆ ನುಂಗೋದು ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ, ಅದು ಮೈಗೆಲ್ಲ ಹೋಗುತ್ತೆ, ಪದೇ ಪದೇ ತಗೊಂಡ್ರೆ ಶುಗರ್, ಮೂಳೆ, ಕಣ್ಣು ಎಲ್ಲದಕ್ಕೂ ತೊಂದರೆ. ಹೆದರ್ಬೇಕಿದ್ರೆ ಅದಕ್ಕೆ ಹೆದರಿ.

ಇನ್ನೊಂದು, ಸ್ಪ್ರೇ ಹೊಡ್ಯೋ ರೀತಿ ನಂಗೆ ಎರಡನೇ ಆಪರೇಶನ್ ಆದ್ಮೇಲೇ ಸರಿಯಾಗಿ ಗೊತ್ತಾಗಿದ್ದು. ಮೊದ್ಲು ಉಪ್ಪುನೀರಲ್ಲಿ ತೊಳ್ಕೊಳ್ಳಿ, ಕುದಿಸಿ ಆರಿಸಿದ ನೀರೇ ಆಗ್ಬೇಕು, ನಲ್ಲಿ ನೀರು ನೇರ ಹಾಕ್ಲೇಬೇಡಿ. ಒಳಗಿನ ನೀರೆಲ್ಲ ಇಳಿದ್ಮೇಲೆ ತಲೆ ಸ್ವಲ್ಪ ಮುಂದೆ ಬಗ್ಗಿಸಿ, ಬಲ ಹೊಳ್ಳೆಗೆ ಎಡಗೈಲಿ, ಎಡ ಹೊಳ್ಳೆಗೆ ಬಲಗೈಲಿ, ತುದಿ ಕಿವಿ ಕಡೆ ತಿರುಗಿರ್ಬೇಕು. ಮೂಗಿನ ಮಧ್ಯದ ಗೋಡೆಗೇ ಹೊಡೀತಾ ಇದ್ರೆ ರಕ್ತ ಬರುತ್ತೆ. ಹೊಡೆದಾದ್ಮೇಲೆ ಜೋರಾಗಿ ಎಳ್ಕೋಬೇಡಿ, ಮೆತ್ತಗೆ ಉಸಿರು ತಗೊಳ್ಳಿ, ಗಂಟಲಲ್ಲಿ ಕಹಿ ಬಂತು ಅಂದ್ರೆ ಔಷಧಿ ಹೊಟ್ಟೆಗೆ ಹೋಯ್ತು ಅಂತ ಅರ್ಥ. ಕೆಲವರಿಗೆ ತೊಳೆಯೋ ನೀರಲ್ಲೇ ಬ್ಯುಡೆಸೊನೈಡ್ ಅನ್ನೋ ಸ್ಟೀರಾಯ್ಡ್ ಹಾಕೋಕೆ ಹೇಳ್ತಾರೆ, ಅದು ಡಾಕ್ಟ್ರು ಹೇಳಿದ್ರೆ ಮಾತ್ರ.

ನಿಮ್ಗೆ ಅಸ್ತಮಾನೂ ಇದ್ದು, ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ತಗೊಂಡಾಗ ಉಬ್ಬಸ ಬರ್ತಿದ್ರೆ ಅದನ್ನ ಡಾಕ್ಟ್ರಿಗೆ ಹೇಳ್ಲೇಬೇಕು, ಅಂಥವ್ರಿಗೆ ಪಾಲಿಪ್ಸ್ ಮತ್ತೆ ಬೆಳೆಯೋದು ಜಾಸ್ತಿ. ಗ್ಲಾಕೋಮಾ, ಅಂದ್ರೆ ಕಣ್ಣಿನ ಒತ್ತಡದ ಕಾಯಿಲೆ, ಇದ್ರೂ ಹೇಳಿ.

ಡೋಸ್ ಕಮ್ಮಿ ಮಾಡ್ಬೋದಾ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ, ಎಂಡೋಸ್ಕೋಪಿಲಿ ಚೆನ್ನಾಗಿದ್ರೆ ಕೆಲವರಿಗೆ ಕಮ್ಮಿ ಮಾಡ್ತಾರೆ, ನಂಗೂ ಮಾಡಿದಾರೆ. ಆದ್ರೆ ಅದು ಕ್ಯಾಮರಾ ಒಳಗೆ ಹಾಕಿ ನೋಡಿ ಹೇಳೋ ಮಾತು, ಕನ್ನಡಿ ಮುಂದೆ ನಿಂತು ಉಸಿರೆಳೆದು ನೋಡಿ ನಾವೇ ತೀರ್ಮಾನ ಮಾಡೋದಲ್ಲ. ಮುಂದಿನ ಚೆಕಪ್ ಮಳೆ ಶುರುವಾಗೋಕೆ ಮುಂಚೆ, ಮೇ ತಿಂಗಳಲ್ಲೇ ಹಾಕಿಸ್ಕೊಳ್ಳಿ, ಅಲ್ಲಿ ತನಕ ಬಾಟ್ಲಿ ಖಾಲಿ ಆಗೋಕೆ ಮೊದ್ಲೇ ಇನ್ನೊಂದು ತಂದಿಟ್ಕೊಳ್ಳಿ.