ನರಾವತಾರ: ಅರ್ಧ ದೇವರೂ ಅಲ್ಲ, ಅರ್ಧ ಮನುಷ್ಯನೂ ಅಲ್ಲ

ಪ್ರಶ್ನೆ: ಕನ್ನಡ ಬೈಬಲ್ಲಿನಲ್ಲೇ ‘ನರಾವತಾರ’ ಎಂಬ ಮಾತಿದೆ. ಹಾಗಾದರೆ ಯೇಸುವಿನದೂ ರಾಮ, ಕೃಷ್ಣರಂಥದೇ ಅವತಾರ ತಾನೇ? – ಶಿರಸಿಯಿಂದ

ಉತ್ತರ: ಪದ ಒಂದೇ, ಅದರ ಒಳಗಿರುವುದು ಬೇರೆ. ‘ಅವತಾರ’ ಎಂದರೆ ಕೆಳಗಿಳಿಯುವುದು. ಯೋಹಾನನ ಸುವಾರ್ತೆ 1:14ರ ಗ್ರೀಕ್ ಮೂಲದಲ್ಲಿ ಇಳಿಯುವ ಮಾತೇ ಇಲ್ಲ. ದೇವರ ವಾಕ್ಯ (ಯೇಸುವಾಗಿ ಹುಟ್ಟಿದ ದೇವಪುತ್ರನಿಗೆ ಯೋಹಾನ ಇಟ್ಟ ಹೆಸರು) ‘ಸಾರ್ಕ್ಸ್’ ಆಯಿತು, ಅಂದರೆ ಮಾಂಸವಾಯಿತು ಎಂದಿದೆ. ನಂತರದ ಕ್ರಿಯಾಪದಕ್ಕೆ ‘ಡೇರೆ ಹಾಕಿದ’ ಎಂದರ್ಥ. ಓದುಗರಿಗೆ ಥಟ್ಟನೆ ತಿಳಿಯುವ ಪದ ಬೇಕಿದ್ದಾಗ ‘ನರಾವತಾರ’ ಒಳ್ಳೆಯ ಆಯ್ಕೆಯೇ. ಆದರೆ ಪದದ ಜೊತೆ ಅದರ ನೆನಪುಗಳೂ ಬರುತ್ತವೆ. ಗೀತೆಯ ‘ಸಂಭವಾಮಿ ಯುಗೇ ಯುಗೇ’ ಮರಳಿ ಮರಳಿ ಬರುವ ಮಾತು. ಇಲ್ಲಿ ಒಂದೇ ಸಲ. ಅಲ್ಲಿ ಕಾರ್ಯ ಮುಗಿದ ಮೇಲೆ ಅವತಾರವೂ ಮುಗಿಯುತ್ತದೆ. ಇಲ್ಲಿ ತೊಟ್ಟ ದೇಹವನ್ನು ಕಳಚಿಡುವುದೇ ಇಲ್ಲ: ಪುನರುತ್ಥಾನದ ನಂತರ ಯೇಸು ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡು ತಿಂದದ್ದನ್ನು ಲೂಕ (24:42) ಬರೆಯುವುದು ಇದಕ್ಕೇ. ಅದೇ ದೇಹದೊಡನೆ ಸ್ವರ್ಗಾರೋಹಣ. ಇದು ಹೆಚ್ಚು–ಕಡಿಮೆಯ ತಕ್ಕಡಿಯಲ್ಲ, ಎರಡು ನಂಬಿಕೆಗಳ ರಚನೆಯೇ ಬೇರೆ ಎಂಬುದಷ್ಟೇ.

ಪ್ರಶ್ನೆ: ನರಸಿಂಹನಲ್ಲಿ ಅರ್ಧ ಸಿಂಹ, ಅರ್ಧ ಮನುಷ್ಯ ಕಾಣುತ್ತಾನೆ. ಯೇಸುವಿನಲ್ಲಿ ಎಷ್ಟು ಪಾಲು ದೇವರು, ಎಷ್ಟು ಪಾಲು ಮನುಷ್ಯ? – ದಾವಣಗೆರೆಯಿಂದ

ಉತ್ತರ: ಪಾಲು ಹಾಕಿದ ಕೂಡಲೇ ಲೆಕ್ಕ ತಪ್ಪುತ್ತದೆ. ಕ್ರೈಸ್ತರೂ ಇಲ್ಲೇ ನೂರಾರು ವರ್ಷ ಜಗಳವಾಡಿದ್ದು. ದೇಹ ಬರೀ ತೋರಿಕೆ ಎಂದರು ಕೆಲವರು. ಹಾಗಾದರೆ ಶಿಲುಬೆಯ ಸಾವು ನಾಟಕವಾಯಿತು. ಪುತ್ರನು ತಂದೆ ಸೃಷ್ಟಿಸಿದವನು ಎಂದ ಅಲೆಕ್ಸಾಂಡ್ರಿಯದ ಆರಿಯಸ್. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್ಪರ ಸಭೆ ಅದನ್ನು ತಳ್ಳಿಹಾಕಿತು. ಮಾನವ ಬುದ್ಧಿಯ ಜಾಗದಲ್ಲಿ ದೇವರ ವಾಕ್ಯವೇ ಕೂತಿತ್ತು ಎಂದ ಅಪೊಲಿನಾರಿಸ್. ಬುದ್ಧಿಯಿಲ್ಲದ ಮನುಷ್ಯ ಪೂರ್ಣ ಮನುಷ್ಯನಲ್ಲವಲ್ಲ, ಅದೂ ನಿಲ್ಲಲಿಲ್ಲ.

451ರಲ್ಲಿ ಕಾಲ್ಸೆಡನ್‌ನಲ್ಲಿ (ಇಂದಿನ ಇಸ್ತಾಂಬುಲ್‌ನ ಕಡಿಕೊಯ್) ಸೇರಿದ ಬಿಷಪ್ಪರು ಹೇಳಿದ್ದು ಇಷ್ಟು: ವ್ಯಕ್ತಿ ಒಬ್ಬನೇ, ಸ್ವಭಾವ ಎರಡು. ಎರಡೂ ಪೂರ್ಣ. ಹೇಗೆ ಎಂದು ವಿವರಿಸಲು ಹೋಗದೆ ನಾಲ್ಕು ‘ಇಲ್ಲ’ಗಳ ಬೇಲಿ ಹಾಕಿದರು: ಬೆರಕೆಯಿಲ್ಲ, ಬದಲಾವಣೆಯಿಲ್ಲ, ವಿಭಾಗವಿಲ್ಲ, ಅಗಲಿಕೆಯಿಲ್ಲ. ನಮಗಂತೂ ಇದು ಜಾಣತನವಾಗಿಯೇ ಕಾಣುತ್ತದೆ.

ಉಪಮೆ ಬೇಕೆಂದರೆ ಕಾಫಿಯದು ಬೇಡ. ಹಾಲು, ಡಿಕಾಕ್ಷನ್ ಸೇರಿದರೆ ಹಾಲೂ ಅಲ್ಲದ, ಡಿಕಾಕ್ಷನ್ನೂ ಅಲ್ಲದ ಮೂರನೆಯದಾಗುತ್ತದೆ. ಮೊದಲ ‘ಇಲ್ಲ’ವೇ ಮುರಿಯಿತು. ಹಳೆಯ ಕ್ರೈಸ್ತ ಗುರುಗಳು ಕುಲುಮೆಯಲ್ಲಿ ಕಾದ ಕಬ್ಬಿಣವನ್ನು ತೋರಿಸುತ್ತಿದ್ದರು. ಕೆಂಪಗೆ ಕಾದ ಕುಡುಗೋಲು ಒಂದೇ ಏಟಿಗೆ ಕತ್ತರಿಸುತ್ತದೆ, ಸುಡುತ್ತದೆ. ಕತ್ತರಿಸುವ ಗುಣ ಕಬ್ಬಿಣದ್ದು, ಸುಡುವ ಗುಣ ಬೆಂಕಿಯದು, ಏಟು ಮಾತ್ರ ಒಂದು. ಹಾಗೆಯೇ ಬಾವಿಯ ಬಳಿ ದಣಿದು ಕೂತವನೂ ಸತ್ತಿದ್ದ ಲಾಜರನನ್ನು ಎಬ್ಬಿಸಿದವನೂ ಒಬ್ಬನೇ. ಈ ಉಪಮೆಗೂ ಒಂದು ಕೊರತೆ ಇದೆ: ಕುಲುಮೆಯಿಂದ ತೆಗೆದರೆ ಕಬ್ಬಿಣ ಆರುತ್ತದೆ, ಇಲ್ಲಿಯ ಕೂಡಿಕೆ ಆರುವುದಿಲ್ಲ.

ಪ್ರಶ್ನೆ: ಕ್ರಿಸ್‌ಮಸ್ ಪೂಜೆಯಲ್ಲಿ ವಿಶ್ವಾಸಪ್ರಮಾಣ (ನಂಬಿಕೆಯ ಸಾರವನ್ನು ಎಲ್ಲರೂ ಸೇರಿ ಹೇಳುವ ಪಾಠ) ಹೇಳುವಾಗ ಎಲ್ಲರೂ ನಡುವೆ ಮೊಣಕಾಲೂರಿದರು. ಬೇರೆ ಭಾನುವಾರ ಹಾಗೆ ಮಾಡುವುದಿಲ್ಲವಲ್ಲ? – ಮೈಸೂರಿನಿಂದ

ಉತ್ತರ: ಕಥೋಲಿಕ ಕ್ರಮದಲ್ಲಿ, ಪವಿತ್ರಾತ್ಮರಿಂದ ಕನ್ಯಾಮರಿಯಮ್ಮನಲ್ಲಿ ದೇಹ ತಳೆದು ಮನುಷ್ಯರಾದರು ಎಂಬ ಸಾಲಿಗೆ ಸಾಮಾನ್ಯ ಭಾನುವಾರ ಬಾಗಿದರೆ ಸಾಕು. ವರ್ಷದಲ್ಲಿ ಎರಡು ಹಬ್ಬಕ್ಕೆ ಮಾತ್ರ ಮೊಣಕಾಲೂರಬೇಕು: ಡಿಸೆಂಬರ್ 25 ಮತ್ತು ಮಾರ್ಚ್ 25. ಎರಡನೆಯದು ಹಲವರಿಗೆ ಮರೆತೇಹೋಗಿದೆ. ಗೋದಲಿಯ ಸಡಗರವೆಲ್ಲ ಡಿಸೆಂಬರಿಗೆ. ಆದರೆ ನರಾವತಾರದ ದಿನ ಮಾರ್ಚ್ 25, ದೇವದೂತ ಗಬ್ರಿಯೇಲನು ಮರಿಯಮ್ಮನಿಗೆ ಮಗ ಹುಟ್ಟುವ ವಾರ್ತೆ ತಂದದ್ದು. ಅಲ್ಲಿಂದ ಎಣಿಸಿದರೆ ಹೆರಿಗೆಗೆ ಸರಿಯಾಗಿ ಒಂಬತ್ತು ತಿಂಗಳು. ಆ ದಿನ ಪವಿತ್ರ ವಾರದಲ್ಲಿ (ಈಸ್ಟರ್‌ಗೆ ಮುಂಚಿನ ವಾರ) ಬಿದ್ದರೆ ಹಬ್ಬ ಮುಂದೆ ಹೋಗುತ್ತದೆ. 2024ರಲ್ಲಿ ಏಪ್ರಿಲ್ 8ಕ್ಕೆ ಹೋಗಿತ್ತು.

ಇನ್ನೊಂದನ್ನೂ ಗಮನಿಸಿ. ಪೂಜೆಯಲ್ಲಿ ಕಾಣಿಕೆಯ ಹೊತ್ತಿಗೆ ಗುರುಗಳು ಪಾನಪಾತ್ರೆಯ ದ್ರಾಕ್ಷಾರಸಕ್ಕೆ ತುಸು ನೀರು ಬೆರೆಸುತ್ತಾರೆ. ಆಗ ಮೆಲ್ಲಗೆ ಹೇಳಿಕೊಳ್ಳುವ ಪ್ರಾರ್ಥನೆ ಇದೇ ವಿಷಯದ್ದು: ನಮ್ಮ ಮಾನವತ್ವದಲ್ಲಿ ಪಾಲುಗೊಂಡ ಕ್ರಿಸ್ತರ ದೈವತ್ವದಲ್ಲಿ ನಮಗೂ ಪಾಲು ಸಿಗಲಿ ಎಂದು.

ಪ್ರಶ್ನೆ: ಬ್ರಹ್ಮಾವರದ ಸಿರಿಯನ್ ಚರ್ಚಿನವರು ಕಾಲ್ಸೆಡನ್ ಒಪ್ಪುವುದಿಲ್ಲವಂತೆ. ಅವರಿಗೆ ಯೇಸು ಮನುಷ್ಯನಲ್ಲವೇ? – ಕುಂದಾಪುರದಿಂದ

ಉತ್ತರ: ಖಂಡಿತ ಮನುಷ್ಯನೇ, ದೇವರೂ ಹೌದು. ಅವರು ಕೇರಳ ಮೂಲದ ಮಲಂಕರ ಆರ್ಥೊಡಾಕ್ಸ್ ಸಭೆಗೆ (ಚರ್ಚಿಗೆ) ಸೇರಿದವರು. ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯನ್ ಸಭೆಗಳಂತೆ ಈ ಸಭೆಯೂ ‘ಎರಡು ಸ್ವಭಾವ’ ಎಂಬ ನುಡಿಗಟ್ಟನ್ನು ಒಪ್ಪದೆ ‘ಕೂಡಿಕೊಂಡ ಒಂದು ಸ್ವಭಾವ’ ಎನ್ನುತ್ತದೆ. ಎರಡು ಎಂದರೆ ಯೇಸುವನ್ನು ಸೀಳಿದಂತಾಗುತ್ತದೆ ಎಂಬುದು ಅವರ ಅಂಜಿಕೆ. 1990ರಲ್ಲಿ ಈ ಸಭೆಯೂ ಕಥೋಲಿಕ ಸಭೆಯೂ ಕ್ರಿಸ್ತನ ಬಗ್ಗೆ ತಮ್ಮ ನಂಬಿಕೆ ಒಂದೇ ಎಂದು ಒಪ್ಪಂದ ಮಾಡಿಕೊಂಡವು. ಪದದ ವ್ಯತ್ಯಾಸ ಈಗಲೂ ಹಾಗೇ ಇದೆ.